ಚಾಗಸ್ ಡಾಕಿಂಗ್: ಹೀಮ್ ಕಾಣೆಯಾದ ವಾರ

ಚಾಗಸ್ ಕಾಯಿಲೆಯ ಪರಾವಲಂಬಿಯ ಒಂದು ಕಿಣ್ವದೊಳಗೆ ಯಾವ ಔಷಧಿ ಹೇಗೆ ಕೂರುತ್ತದೆ ಅಂತ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕಿ ನೋಡ್ತಿದ್ದೀನಿ, ಡಾಕಿಂಗ್ ಅನ್ನೋದು ಇದಕ್ಕೇ. ಹೋದ ಸಲ ಬರೆದಾಗ, ಫ್ಲುಕೊನಜೋಲ್ ಅನ್ನೋ ಫಂಗಸ್ ಔಷಧಿ ಆ ಕಿಣ್ವದೊಳಗೆ ಅಡ್ಡಾದಿಡ್ಡಿ ಬಿದ್ದಿದೆ, ಯಾಕೋ ಅರ್ಥ ಆಗ್ತಿಲ್ಲ ಅಂದಿದ್ದೆ. ಎಡವಟ್ಟು ನನ್ನದೇ. ಪ್ರೋಟೀನ್‌ಗಳ ಆಕಾರ ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಇಳಿಸಿಕೊಂಡ ಕಿಣ್ವದ ಫೈಲಿನಲ್ಲಿ ನೀರಿನ ಅಣುಗಳನ್ನು ತೆಗೆಯೋಣ ಅಂತ ಹೆಟ್‌ಆಟಮ್ (ಪ್ರೋಟೀನ್ ಅಲ್ಲದ ಅಣುಗಳ) ಸಾಲುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿದ್ದೆ, ಕಬ್ಬಿಣ ಹೊತ್ತು ಕಿಣ್ವದೊಳಗಿರುವ ಹೀಮ್ ಅನ್ನೋ ಅಣು ಕೂಡ ಅದೇ ಸಾಲುಗಳಲ್ಲಿ ಕೂತಿರುತ್ತದೆ ಅಂತ ಹೊಳೆಯಲೇ ಇಲ್ಲ. ಫ್ಲುಕೊನಜೋಲ್‌ನಂಥ ಅಝೋಲ್ ಗುಂಪಿನ ಔಷಧಿ ಹಿಡಿದುಕೊಳ್ಳುವುದೇ ಹೀಮಿನ ನಡುವಿರುವ ಕಬ್ಬಿಣವನ್ನು! ಮೂರು ರಾತ್ರಿ ಲ್ಯಾಪ್‌ಟಾಪ್ ಫ್ಯಾನ್ ಸುಮ್ನೆ ಕೂಗಿತು.

ಹೊಸದಾಗಿ ಓದುವವರಿಗೆ: ಚಾಗಸ್ ಲ್ಯಾಟಿನ್ ಅಮೆರಿಕದ ಕಾಯಿಲೆ, 1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಚಾಗಸ್ ಗುರುತಿಸಿದ್ದು. ರಕ್ತ ಹೀರುವ ಒಂದು ಜಾತಿಯ ತಿಗಣೆಯ ಹಿಕ್ಕೆಯಿಂದ ಟ್ರಿಪನೊಸೋಮಾ ಕ್ರೂಜಿ ಅನ್ನೋ ಪರಾವಲಂಬಿ ಮೈ ಸೇರುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಕೆಲವರ ಹೃದಯವನ್ನೇ ಹಾಳು ಮಾಡುತ್ತದೆ. ಫಂಗಸ್‌ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ಇದಕ್ಕೂ ಬೇಕು, ಅದನ್ನು ತಯಾರಿಸುವ ಸಿವೈಪಿ51 ಕಿಣ್ವವೂ ಇದರಲ್ಲಿದೆ. ಹಾಗಾಗಿ ಈ ಕಿಣ್ವವನ್ನು ತಡೆಯುವ ಫಂಗಸ್ ಔಷಧಿ ಇಲ್ಲೂ ಕೆಲಸ ಮಾಡಬಹುದು ಅಲ್ವಾ ಅನ್ನೋದು ಲೆಕ್ಕಾಚಾರ.

ಹೀಮ್ ವಾಪಸ್ ಹಾಕಿ ಡಾಕಿಂಗ್ ಮಾಡುವ ಆಟೋಡಾಕ್ ವೀನಾ ಪ್ರೋಗ್ರಾಂ ಓಡಿಸಿದೆ. ಈಗ ಫ್ಲುಕೊನಜೋಲ್‌ನ ನೈಟ್ರೋಜನ್ ನೆಟ್ಟಗೆ ಕಬ್ಬಿಣದ ಕಡೆಗೆ ಮುಖ ಮಾಡಿದೆ. ಆದರೆ ಹತ್ತಿರ ಹೋಗಲ್ಲ, ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಕಿಣ್ವ-ಔಷಧಿಯ ನಿಜವಾದ ಸ್ಫಟಿಕದಲ್ಲಿ ಆ ಅಂತರ ಸುಮಾರು 2.1 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಲೋಹದ ಜೊತೆಗಿನ ಈ ಬಂಧ ವೀನಾಗೆ ಅರ್ಥವೇ ಆಗಲ್ಲ, ಅದಕ್ಕೇ ಔಷಧಿ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂತ ಅದು ಕೊಡುವ ಅಂಕ ನೋಡುವ ಮೊದಲು ಅಂತರ ನೋಡ್ತೀನಿ.

ಇದೇ ಗುಂಪಿನ ಪೊಸಕೊನಜೋಲ್ ಬೇರೆಯೇ ತಲೆನೋವು. ಅದರ ಉದ್ದ ಬಾಲ ಕಿಣ್ವದ ಸುರಂಗದ ಬಾಯಿವರೆಗೂ ಚಾಚಿಕೊಳ್ಳಬೇಕು, ನನ್ನಲ್ಲಿ ಒಂದೊಂದು ಸಲ ಒಂದೊಂದು ಕಡೆ ಸುತ್ತಿಕೊಳ್ಳುತ್ತದೆ. ಆದರೂ ಅಂಕದಲ್ಲಿ ಅದೇ ಮೊದಲು. ಜಾಸ್ತಿ ಹಿಗ್ಗಲಿಲ್ಲ. ಸ್ಪೇನಿನಲ್ಲಿ ರೋಗಿಗಳಿಗೇ ಕೊಟ್ಟು ನೋಡಿದ್ದಾರೆ, ಫಲಿತಾಂಶ 2014ರಲ್ಲಿ ಬಂತು: ಔಷಧಿ ನಡೆಯುವಾಗ ರಕ್ತದಿಂದ ಮಾಯವಾದ ಪರಾವಲಂಬಿ, ನಿಲ್ಲಿಸಿದ ಮೇಲೆ ಬಹುತೇಕರಲ್ಲಿ ತಿರುಗಿ ಬಂತು. ಹೆಚ್ಚಿನ ಡೋಸ್ ತಗೊಂಡವರಲ್ಲೂ 81% ಜನರಿಗೆ ಚಿಕಿತ್ಸೆ ಫಲ ಕೊಡಲಿಲ್ಲ, ಚಾಗಸ್‌ನ ಹಳೇ ಔಷಧಿ ಬೆಂಜ್‌ನಿಡಜೋಲ್‌ನಲ್ಲಿ ಅದು 38%. ಬೊಲಿವಿಯಾದಲ್ಲಿ ಇನ್ನೊಂದು ಅಝೋಲ್, ರವುಕೊನಜೋಲ್‌ನ ಗತಿಯೂ ಹೆಚ್ಚುಕಮ್ಮಿ ಇದೇ. ಕಿಣ್ವಕ್ಕೆ ಅಂಟಿಕೊಳ್ಳುವುದು ಒಂದು, ಅಂಗಾಂಶದೊಳಗೆ ಅವಿತು ಕೂತಿದ್ದನ್ನು ಕೊಲ್ಲುವುದು ಇನ್ನೊಂದು. ನನ್ನ ಲ್ಯಾಪ್‌ಟಾಪ್ ಹೇಳೋದು ಮೊದಲನೆಯದನ್ನು ಮಾತ್ರ.

ಮುಂದಿನ ವಾರ ಮನುಷ್ಯರ ಸಿವೈಪಿ51ರಲ್ಲಿ ಇವೇ ಔಷಧಿಗಳನ್ನು ಕೂರಿಸಿ, ನಮ್ಮ ಕಿಣ್ವಕ್ಕೂ ಅಂಟುತ್ತವಾ ಅಂತ ಹೋಲಿಸಬೇಕು. ನೀರನ್ನು ಮಾತ್ರ ಅಳಿಸುವ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ.