"ಏನು ಸಮಸ್ಯೆ?" ಅಂತ ಕೇಳುವುದನ್ನು ಬಿಟ್ಟ ಮೇಲೆ

ನಾನು ಸಾಫ್ಟ್‌ವೇರ್ ಸಪೋರ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಬಳಕೆದಾರರ ದೂರು ಓದಿ, ಡೆವಲಪರ್‌ಗಳಿಗೆ ಉಪಯೋಗವಾಗುವ ಹಾಗೆ ಬಗ್ ರಿಪೋರ್ಟ್, ಅಂದರೆ ಸಾಫ್ಟ್‌ವೇರ್‌ನ ತಪ್ಪಿನ ವರದಿ, ಮಾಡಿ ಕೊಡುವುದು ನನ್ನ ಪಾಲಿನ ಕೆಲಸ. "ಸರ್ವರ್ ಡೌನ್ ಆಗಿದೆ", "ಹೊಸ ಅಪ್‌ಡೇಟ್‌ನಿಂದ ಎಲ್ಲಾ ಕೆಟ್ಟಿತು" ಎನ್ನುವಂಥ ದೂರುಗಳೇ ಜಾಸ್ತಿ. ಇವು ಯಾರೂ ಕಣ್ಣಾರೆ ಕಂಡ ಸಂಗತಿಗಳಲ್ಲ. ಕಂಡಿದ್ದು ಬೇರೇನೋ ಇರುತ್ತದೆ. ಅದರಿಂದ ಅವರು ಊಹಿಸಿದ ಕಾರಣ ಮಾತ್ರ ನಮ್ಮ ಕೈಗೆ ಬಂದಿರುತ್ತದೆ.

ಇದಕ್ಕೆ ಬಳಕೆದಾರರನ್ನು ದೂರುವುದು ಸರಿಯಲ್ಲ. ಕಾರಣ ಹೇಳಿದರೆ ನಮಗೆ ಸುಲಭವಾಗುತ್ತದೆ ಅಂತಲೇ ಅವರು ಹಾಗೆ ಬರೆಯುತ್ತಾರೆ. "ಏನು ಸಮಸ್ಯೆ?" ಅಂತ ಕೇಳಿದರೆ ಯಾರಾದರೂ ಕಾರಣವನ್ನೇ ಹೇಳುತ್ತಾರೆ, ಅಲ್ವಾ? ಅದರ ಬದಲು "ಏನು ಮಾಡಲು ಹೊರಟಿದ್ದಿರಿ? ಯಾವ ಬಟನ್ ಒತ್ತಿದಿರಿ? ಆಮೇಲೆ ಪರದೆಯ ಮೇಲೆ ಏನು ಬಂತು?" ಅಂತ ಕೇಳಿ ನೋಡಿ. ಬರುವ ಉತ್ತರವೇ ಬೇರೆ.

ಒಮ್ಮೆ ಒಬ್ಬರು ಬರೆದಿದ್ದರು: "ಫೈಲ್ ಅಪ್‌ಲೋಡ್ ಮಾಡಿದರೆ ಅರ್ಧ ಡೇಟಾ ಮಾಯ. ಡೇಟಾಬೇಸ್ ಕರಪ್ಟ್ ಆಗಿದೆ." ಯಾವ ಸಾಲುಗಳು ಬಂದಿವೆ, ಯಾವುವು ಬಂದಿಲ್ಲ, ಒಂದಿಷ್ಟು ಬರೆದು ಕಳಿಸಿ ಅಂದೆ. ಅವರು ತಾಳ್ಮೆಯಿಂದ ದಿನಾಂಕದ ಸಮೇತ ಪಟ್ಟಿ ಮಾಡಿದರು. ತಿಂಗಳ 12ನೇ ತಾರೀಕಿನವರೆಗಿನ ಸಾಲುಗಳೆಲ್ಲ ಬಂದಿದ್ದವು. 13ರಿಂದ ಮುಂದಿನದು ಒಂದೂ ಇಲ್ಲ. ಡೇಟಾಬೇಸ್‌ಗೆ ಏನೂ ಆಗಿರಲಿಲ್ಲ. ದಿನಾಂಕದ ಮೊದಲ ಸಂಖ್ಯೆಯನ್ನು ಪ್ರೋಗ್ರಾಂ ತಿಂಗಳು ಅಂತ ಓದುತ್ತಿತ್ತು. 13ನೇ ತಿಂಗಳು ಇಲ್ಲವಲ್ಲ, ಆ ಸಾಲನ್ನು ಬಿಟ್ಟುಬಿಡುತ್ತಿತ್ತು. ಇನ್ನೂ ದೊಡ್ಡ ತೊಂದರೆ ಇದ್ದದ್ದು ಸರಿಯಾಗಿ ಬಂದಂತೆ ಕಂಡ ಸಾಲುಗಳಲ್ಲಿ. 05/03 ಅಂದರೆ ಮಾರ್ಚ್ 5, ಅದು ಮೇ 3 ಆಗಿ ಕೂತಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. "ಡೇಟಾಬೇಸ್ ಕರಪ್ಟ್" ಅನ್ನುವ ಮಾತು ಹಿಡಿದು ಹೊರಟಿದ್ದರೆ ಇದು ಯಾವಾಗ ಸಿಗುತ್ತಿತ್ತೋ!

"ಕೆಲಸ ಮಾಡ್ತಿಲ್ಲ" ಎನ್ನುವ ದೂರನ್ನೂ ಬಿಡಿಸಿ ಕೇಳಬೇಕು. ಆ್ಯಪ್ ತಾನಾಗಿ ಮುಚ್ಚಿಕೊಂಡಿತಾ, ಪರದೆ ಹಾಗೇ ನಿಂತುಬಿಟ್ಟಿತಾ, ಅಥವಾ ಬರೀ ನಿಧಾನವಾಯಿತಾ? ನಮಗೆ ಇವು ಮೂರು ಬೇರೆ ಬೇರೆ ಹುಡುಕಾಟ. "ಏನೋ ಎರರ್ ಬಂತು" ಅಂದರೂ ಅಷ್ಟೇ. ಎರರ್ ಜೊತೆ ಬರುವ ಸಂಖ್ಯೆಯೇ ಸುಳಿವು: 404 ಅಂದರೆ ಕೇಳಿದ ಪುಟ ಸಿಗಲಿಲ್ಲ, 403 ಅಂದರೆ ಅನುಮತಿ ಇಲ್ಲ, 500 ಅಂದರೆ ಸರ್ವರ್ ಒಳಗೇ ಏನೋ ಎಡವಟ್ಟು. ಹಾಗಾಗಿ ಎರರ್ ಸಾಲನ್ನು ಒಂದಕ್ಷರ ಬಿಡದೆ ಕಾಪಿ ಮಾಡಿ ಕಳಿಸಲು ಹೇಳುತ್ತೇನೆ. ಜೊತೆಗೆ ಇಡೀ ಪರದೆಯ ಸ್ಕ್ರೀನ್‌ಶಾಟ್, ಪಾಸ್‌ವರ್ಡ್ ಮತ್ತು ಖಾಸಗಿ ವಿವರ ಮುಚ್ಚಿ. ಆದ ಸಮಯ ಗೊತ್ತಿದ್ದರೆ ಲಾಗ್‌ನಲ್ಲಿ (ಪ್ರೋಗ್ರಾಂ ಏನಾಯಿತು ಅಂತ ಸಮಯದ ಸಮೇತ ಬರೆದಿಡುವ ದಾಖಲೆಯಲ್ಲಿ) ಹುಡುಕುವುದು ತುಂಬಾ ಸಲೀಸು. "ಬೆಳಿಗ್ಗೆ" ಅಂದರೆ ಸಾಲದು, "10:40ರ ಸುಮಾರಿಗೆ" ಬೇಕು.

ಪ್ರತಿ ಸಲವೂ ಆಗುತ್ತದಾ, ಇನ್ನೊಬ್ಬರ ಲಾಗಿನ್‌ನಲ್ಲೂ ಆಗುತ್ತದಾ ಅಂತಲೂ ಕೇಳಿ. ಒಬ್ಬರಿಗೆ ಮಾತ್ರ ಆದರೆ ಅವರ ಅಕೌಂಟ್ ಅಥವಾ ಅವರ ಕಂಪ್ಯೂಟರ್ ಕಡೆ ಮೊದಲು ನೋಡಬಹುದು.

ಹಾಗಂತ ಊಹೆಯನ್ನು ತಳ್ಳಿಹಾಕಬಾರದು. ದಿನವೂ ಬಳಸುವವರ ಅಂದಾಜು ಎಷ್ಟೋ ಸಲ ಸರಿಯಾಗಿರುತ್ತದೆ. ನಮ್ಮ ಫಾರ್ಮ್‌ನಲ್ಲಿ "ಕಾರಣ ಏನಿರಬಹುದು ಅನ್ನಿಸುತ್ತದೆ?" ಎನ್ನುವ ಪ್ರಶ್ನೆ ಈಗಲೂ ಇದೆ. ಆದರೆ ಕೊನೆಯಲ್ಲಿದೆ. ಮೇಲಿದ್ದರೆ ಜನ ಅದೊಂದನ್ನೇ ತುಂಬಿ ಕಳಿಸಿಬಿಡುತ್ತಾರೆ. ಅಪ್‌ಡೇಟ್ ಮೇಲೆ ಅನುಮಾನ ಇದ್ದರೆ, ಸರಿಯಾಗಿ ನಡೆದದ್ದು ಕೊನೆಗೆ ಯಾವಾಗ ಅಂತ ಕೇಳಿದರೆ ಆಯಿತು.

ಬಗ್ ಸರಿಹೋದ ಮೇಲೆ "ರಿಸಾಲ್ವ್ಡ್" ಅಂತ ಸುಮ್ನೆ ಟಿಕೆಟ್ (ಆ ದೂರಿನ ದಾಖಲೆ) ಮುಚ್ಚುವುದು ನನಗೆ ಇಷ್ಟವಿಲ್ಲ. "ನೀವು ಕೊಟ್ಟ ದಿನಾಂಕಗಳ ಪಟ್ಟಿಯಿಂದಲೇ ತಪ್ಪು ಸಿಕ್ಕಿತು" ಅಂತ ಬರೆಯುತ್ತೇನೆ. ಆ ಉತ್ತರ ಓದಿದವರ ಮುಂದಿನ ದೂರಿನಲ್ಲಿ ಸಮಯ, ಎರರ್ ಸಾಲು ಎರಡೂ ಕೇಳದೆಯೇ ಬಂದಿರುತ್ತವೆ.