ಟೀಪಾಟಿನ ಮೂತಿ

ಟೀ ಪಾತ್ರೆಗಳನ್ನೂ ಟೀಯ ಶಿಷ್ಟಾಚಾರವನ್ನೂ ಮಕ್ಕಳಿಗೆ ತೋರಿಸುವ ನಮ್ಮ ಪೋಸ್ಟರಿನ ಮೊದಲ ಕರಡಿನಲ್ಲಿ ಟೀಪಾಟಿನ ಮೂತಿ ಪಾತ್ರೆಯ ಬಾಯಿಗಿಂತ ಎರಡು ಬೆರಳು ಕೆಳಗಿತ್ತು. ಚಿತ್ರ ನೋಡಲು ಮುದ್ದಾಗಿಯೇ ಇತ್ತು. ಆದರೆ ಅಂಥ ಪಾತ್ರೆಗೆ ಬಾಯಿತನಕ ನೀರು ತುಂಬಲು ಬರುವುದಿಲ್ಲ. ನೀರು ಮೂತಿಯ ಮಟ್ಟಕ್ಕೆ ಬಂದ ಕೂಡಲೇ ಮೇಜಿನ ಮೇಲೆ ಹರಿಯುತ್ತದೆ. ಪಾತ್ರೆಯೊಳಗೂ ಮೂತಿಯೊಳಗೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅಷ್ಟೇ ಕಾರಣ. ಮಕ್ಕಳಿಗೆ ಇದನ್ನು ಹೇಳಲು ಕೊಡಗಿನಲ್ಲಿ ದೂರ ಹೋಗಬೇಕಾಗಿಲ್ಲ. ಮದುವೆಯಲ್ಲಿ ವಧೂವರರಿಗೆ ಹಾಲು ಕುಡಿಸುವ, ಮೂತಿ ಇರುವ ‘ಕಿಂಡಿ’ ಎಂಬ ಪಾತ್ರೆಯನ್ನು ಅವರು ನೋಡಿಯೇ ಇರುತ್ತಾರೆ. ಹಾಗಾಗಿ ಪೋಸ್ಟರಿನ ಮೂಲೆಯಲ್ಲಿ ಕಿಂಡಿ, ಪಕ್ಕದಲ್ಲಿ ಟೀಪಾಟು, ಎರಡರ ಮೇಲೂ ನೀರಿನ ಮಟ್ಟ ತೋರಿಸುವ ಒಂದು ನೀಲಿ ಗೆರೆ ಬಂತು.

ಮಡಿಕೇರಿಯ ಶಾಲೆಯೊಂದರ ನಾಲ್ಕು, ಐದನೇ ತರಗತಿಗಾಗಿ ಕಕ್ಕಡ ತಿಂಗಳ (ಕೊಡಗಿನ ಜೋರು ಮಳೆಯ ಜುಲೈ–ಆಗಸ್ಟ್) ಒಂದು ದಿನ ನಾವು ಮಾಡಿದ ಕೆಲಸವಿದು. ಅಳತೆ ಎ2, ಅಂದರೆ 420 × 594 ಮಿಲಿಮೀಟರ್. ಟೀಪಾಟನ್ನು ಹೊರಗಿನಿಂದ ಮಾತ್ರ ಬರೆದರೆ ಸಾಲದು, ಉದ್ದಕ್ಕೆ ಸೀಳಿ ತೋರಿಸಬೇಕು. ಮೂತಿಯ ಬುಡದಲ್ಲಿ ಒಳಗಡೆ ಸೊಪ್ಪು ತಡೆಯುವ ಸಣ್ಣ ತೂತುಗಳು ಆಗ ಮಾತ್ರ ಕಾಣುತ್ತವೆ. ಮುಚ್ಚಳದ ಮೇಲಿನ ಒಂದು ತೂತನ್ನು ಮರೆಯಬಾರದು. ಅದು ಹಬೆ ಹೋಗುವುದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕೆಲಸ ಗಾಳಿಯನ್ನು ಒಳಗೆ ಬಿಡುವುದು: ಮುಚ್ಚಳ ಬಿಗಿಯಾಗಿರುವ ಟೀಪಾಟಿನಲ್ಲಿ ಸುರಿಯುವಾಗ ಆ ತೂತಿಗೆ ಬೆರಳು ಒತ್ತಿದರೆ ಧಾರೆ ನಿಂತೇ ಹೋಗುತ್ತದೆ. ತಣ್ಣೀರು ತುಂಬಿ ಮಕ್ಕಳೇ ಇದನ್ನು ಮಾಡಿ ನೋಡಬಹುದು.

ಶಿಷ್ಟಾಚಾರದ ಭಾಗದಲ್ಲಿ ‘ಹೀಗೆ ಮಾಡಿ, ಹಾಗೆ ಮಾಡಬೇಡಿ’ ಎಂಬ ಪಟ್ಟಿ ಹಾಕುವುದು ಸುಲಭ. ಅಂಥ ಪಟ್ಟಿಯನ್ನು ಮಕ್ಕಳು ಓದುವುದಿಲ್ಲ. ಪ್ರತಿ ರೂಢಿಯನ್ನೂ ಅದರ ಪಾತ್ರೆಗೆ ಅಂಟಿಸಿದರೆ ಅದು ತಾನಾಗಿ ಅರ್ಥವಾಗುತ್ತದೆ. ಚೀನಾದ ಗೈವಾನ್‌ಗೆ ಬಟ್ಟಲು, ಮುಚ್ಚಳ, ಬಸಿ ಎಂದು ಮೂರು ಭಾಗ, ಹಿಡಿಕೆ ಇಲ್ಲ. (ಮಕ್ಕಳ ಕೈಗೆ ಕೊಟ್ಟರೆ ಮೊದಲು ಹಿಡಿಕೆಯನ್ನೇ ಬರೆಯುತ್ತಾರೆ.) ಕುಡಿಯುವಾಗ ಬಸಿಯ ಸಮೇತ ಎತ್ತುವುದು ಬೆರಳು ಸುಡದಿರಲಿ ಎಂದು, ಮುಚ್ಚಳವನ್ನು ಚೂರೇ ಓರೆ ಮಾಡುವುದು ಎಲೆ ಬಾಯಿಗೆ ಬಾರದಿರಲಿ ಎಂದು. ಅಲ್ಲಿ ಬಟ್ಟಲನ್ನು ಹತ್ತರಲ್ಲಿ ಏಳು ಪಾಲು ಮಾತ್ರ ತುಂಬುತ್ತಾರೆ. ಮೇಲೆ ಖಾಲಿ ಉಳಿದ ಅಂಚು ಹಿಡಿಯುವಷ್ಟು ತಣ್ಣಗಿರುತ್ತದೆ. ಸುರಿದುಕೊಟ್ಟವರಿಗೆ ಎರಡು ಬೆರಳಿನಿಂದ ಮೇಜು ಮೆಲ್ಲಗೆ ತಟ್ಟಿ ಉಪಕಾರ ಹೇಳುವ ರೂಢಿ ದಕ್ಷಿಣ ಚೀನಾದಲ್ಲಿದೆ. ಮಕ್ಕಳಿಗೆ ಅತಿ ಬೇಗ ಹಿಡಿಸಿದ್ದು ಇದೇ.

ಜಪಾನಿನ ಮಾಚಾ (ನುಣ್ಣಗೆ ಪುಡಿ ಮಾಡಿದ ಹಸಿರು ಟೀ) ಕುಡಿಯುವ ಬಟ್ಟಲು ‘ಚವಾನ್’. 2 ಗ್ರಾಂ ಪುಡಿ, 80 ಡಿಗ್ರಿಯ 70 ಮಿಲಿಲೀಟರ್ ನೀರು, ಒಂದೇ ಬಿದಿರಿನ ತುಂಡನ್ನು ಸೀಳಿ ಮಾಡಿದ ‘ಚಾಸೆನ್’ ಕಡೆಗೋಲು. ಚಾಸೆನ್ನನ್ನು ಮೊದಲು ಬಿಸಿನೀರಿನಲ್ಲಿ ನೆನೆಸದಿದ್ದರೆ, ಅಥವಾ ಬಟ್ಟಲಿನ ತಳಕ್ಕೆ ಒತ್ತಿ ಕಡೆದರೆ, ಎಳೆಗಳು ಮುರಿಯುತ್ತವೆ. ಬಟ್ಟಲಿನ ಚೆಂದದ ಮುಖವನ್ನು ಅತಿಥಿಯ ಕಡೆಗೆ ಇಟ್ಟು ಕೊಡುತ್ತಾರೆ. ಅತಿಥಿ ಅದನ್ನು ಎಡ ಅಂಗೈ ಮೇಲಿಟ್ಟುಕೊಂಡು, ಆ ಮುಖಕ್ಕೆ ತುಟಿ ತಾಗದಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಕುಡಿಯುತ್ತಾರೆ. ಬಾಣದ ಗುರುತು ತಪ್ಪು ದಿಕ್ಕಿಗೆ ಹೋಗದಂತೆ ಎರಡು ಸಲ ನೋಡಿಕೊಂಡೆವು.

ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ; 1961ರಿಂದ ಟಿಬೆಟಿಯನ್ನರು ನೆಲೆಸಿದ ಊರು. ಅವರ ಬೆಣ್ಣೆ ಟೀ ಉಪ್ಪು ಹಾಕಿದ್ದು, ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು. ಬಟ್ಟಲು ಇಳಿದಂತೆಲ್ಲ ಮನೆಯವರು ಮತ್ತೆ ತುಂಬುತ್ತಾರೆ. ಆದ್ದರಿಂದ ಗುಟುಕು ಗುಟುಕಾಗಿ ಕುಡಿದು, ಬಟ್ಟಲು ಖಾಲಿ ಮಾಡುವುದು ಹೊರಡುವ ಹೊತ್ತಿಗೆ. ಲೋಟ, ಡಬರಿಯನ್ನು ಬೇಕೆಂದೇ ಬಿಟ್ಟೆವು. ಅದು ಕಾಫಿಯದು, ಈ ಜಿಲ್ಲೆಯಲ್ಲಿ ಅದಕ್ಕೆ ಬೇರೆಯದೇ ಪೋಸ್ಟರ್ ಬೇಕು. ನಮ್ಮ ಟೀಗೆ ಪಿಂಗಾಣಿ ಕಪ್ಪು, ಬಸಿ, ಸೋಸುವ ಜರಡಿ: ಹಿಡಿಕೆ ತೆಗೆದುಕೊಳ್ಳುವವರ ಬಲಗೈ ಕಡೆಗೆ ಇರಲಿ, ಮನೆಯ ಹಿರಿಯರಿಗೆ ಮೊದಲು ಕೊಡಿ, ಚಮಚವನ್ನು ಕಪ್ಪಿನೊಳಗೆ ಬಿಡದೆ ಬಸಿಯಲ್ಲಿಡಿ. ಕಪ್ಪಿನಲ್ಲಿ ನಿಂತ ಚಮಚಕ್ಕೆ ಕೈ ತಾಗಿ ಕಪ್ಪು ಮಗುಚುವುದೇ ಹೆಚ್ಚು.

ಬಿಸಿಯ ಅಂಕಿಯಲ್ಲಿ ಒಂದು ತಿದ್ದುಪಡಿ ಬೇಕಾಯಿತು. ‘ನೀರು 100 ಡಿಗ್ರಿಗೆ ಕುದಿಯುತ್ತದೆ’ ಎಂಬುದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ 96ರ ಆಸುಪಾಸಿಗೇ ಕುದಿ ಬರುತ್ತದೆ. ಬ್ಲ್ಯಾಕ್ ಟೀಗೆ ನೀರು ಕುದಿ ಬಂದ ಕೂಡಲೇ ಸುರಿಯಿರಿ, 3ರಿಂದ 5 ನಿಮಿಷ ಮುಚ್ಚಿಡಿ ಎಂದು ಬರೆದೆವು. ಹಸಿರು ಟೀಗೆ 70ರಿಂದ 80 ಡಿಗ್ರಿ ಸಾಕು, ಹೆಚ್ಚಾದರೆ ಒಗರು.

ಹೆಚ್ಚು ಹೊತ್ತು ತಿಂದದ್ದು ಅಕ್ಷರ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುರುತು ಮೇಲೇರುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಬಿಡದಿದ್ದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ‘ಶಿಷ್ಟಾಚಾರ’ ಎಂಬ ಪದವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಯ ಆಯ್ಕೆ ಹಾಕಿರದಿದ್ದರೆ ಒತ್ತು ಬಿಡಿಬಿಡಿಯಾಗಿ ಬೀಳುತ್ತದೆ. ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಆಕೃತಿಯಾಗಿ ಬದಲಿಸಿ ಪಿಡಿಎಫ್ ಮಾಡಿ, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿಬಿಡುತ್ತದೆ. ಚಿತ್ರಗಳಿಗೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಬೇಕು, ಎ2ಗೆ ಅದು 4961 × 7016 ಪಿಕ್ಸೆಲ್. ಸುತ್ತಲೂ 3 ಮಿಲಿಮೀಟರ್ ಕತ್ತರಿಸಲು ಬಿಡಿ. ಪರದೆಯ ಮೇಲೆ ಹೊಳೆಯುವ ಎಳೆಹಸಿರು ಮುದ್ರಣದಲ್ಲಿ ಮಂಕಾಗುತ್ತದೆ. ಆದ್ದರಿಂದ ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆದು ಕಿಟಕಿ ಬೆಳಕಿನಲ್ಲಿ ನೋಡಿ.

ಹೊಳಪಿನ ಲ್ಯಾಮಿನೇಷನ್ ಬೇಡ, ಕಿಟಕಿಯ ಬಿಂಬ ಬಿದ್ದು ಅರ್ಧ ಪೋಸ್ಟರ್ ಕಾಣುವುದಿಲ್ಲ, ಮ್ಯಾಟ್ ಹಾಕಿಸಿ. ಒಂದೇ ಮಗ್ಗುಲಿಗೆ ಹಾಕಿಸಿದರೆ ಕೊಡಗಿನ ಮಳೆಗಾಲದ ತೇವಕ್ಕೆ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಎರಡೂ ಮಗ್ಗುಲಿಗೆ ಹಾಕಿಸಿ ನಾಲ್ಕು ಅಂಚಿನಲ್ಲೂ 5 ಮಿಲಿಮೀಟರ್ ಪ್ಲಾಸ್ಟಿಕ್ ಉಳಿಸಬೇಕು. ಮೇಲೆ ಕೆಳಗೆ ಮರದ ಪಟ್ಟಿ, ಗೋಡೆಗೂ ಹಾಳೆಗೂ ನಡುವೆ ಒಂದು ಸೆಂಟಿಮೀಟರ್ ಗಾಳಿ. ಗೋಡೆಗೆ ಒತ್ತಿ ಅಂಟಿಸಿದರೆ ಹಿಂದೆ ಬೂಸಲು ಬರುತ್ತದೆ. ಪೋಸ್ಟರಿನ ನಡುಭಾಗ ನೆಲದಿಂದ 1.2 ಮೀಟರ್ ಎತ್ತರದಲ್ಲಿರಲಿ. ಅದರ ಕೆಳಗೆ ಒಂದು ಬೆಂಚು ಹಾಕಿ, ತಣ್ಣೀರು ತುಂಬಿದ ಟೀಪಾಟು ಮತ್ತು ನಾಲ್ಕು ಕಪ್ಪು ಇಟ್ಟೆವು. ಒರೆಸುವ ಬಟ್ಟೆಯನ್ನೂ.