ಪೂರ್ತಿ ಒಂದು ನಿಮಿಷ ಎಣಿಸಿ

ನರ್ಸಿಂಗ್ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇಂದಿಗೂ ಪ್ರತಿ ಡ್ಯೂಟಿಯಲ್ಲಿ ಉಪಯೋಗಕ್ಕೆ ಬರುವುದು ಯಾವುದು ಎಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು ಉಸಿರು ಎಣಿಸುವ ಪಾಠ. ಜ್ವರ ನೋಡಲು ಥರ್ಮಾಮೀಟರ್ ಇದೆ, ಬಿ.ಪಿ. ನೋಡಲು ಯಂತ್ರವಿದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ನರ್ಸ್ ತನ್ನ ಕಣ್ಣಿನಿಂದಲೇ ನೋಡಿ, ಕೈಗಡಿಯಾರ ಹಿಡಿದು ಎಣಿಸಬೇಕು. ಅದೂ ರೋಗಿಗೆ ಗೊತ್ತಾಗದಂತೆ. ಎಣಿಸುತ್ತಿದ್ದಾರೆಂದು ತಿಳಿದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ. ಆದ್ದರಿಂದ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟನ್ನು ಬಿಡದೆ, ಎದೆಯ ಏರಿಳಿತದ ಮೇಲೆ ಕಣ್ಣಿಟ್ಟಿರಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ನಮಗೆ ಪಾಠ ಹೇಳುತ್ತಿದ್ದ ಮೇಡಂ ಒಪ್ಪುತ್ತಿರಲಿಲ್ಲ. 'ಪೂರ್ತಿ ಒಂದು ನಿಮಿಷ ಎಣಿಸಿ' ಎಂಬುದು ಅವರ ಕಟ್ಟಪ್ಪಣೆ.

ಒಂದು ದಿನ ಅವರು ಹೆಸರು ಮುಚ್ಚಿದ ಹಳೆಯ ಚಾರ್ಟ್‌ಗಳನ್ನು ತಂದು ಮೇಜಿನ ಮೇಲೆ ಹರಡಿದರು. ಉಸಿರಿನ ಸಾಲಿನಲ್ಲಿ ಎಲ್ಲೆಲ್ಲೂ 20. ನ್ಯುಮೋನಿಯಾದಿಂದ ಬಳಲುತ್ತಿದ್ದವರಿಗೂ 20, ಮರುದಿನ ಮನೆಗೆ ಹೊರಡುವವರಿಗೂ 20, ಬೆಳಿಗ್ಗೆಯೂ 20, ನಡುರಾತ್ರಿಯೂ 20. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜವೆಂದು ನಾವಾಗಲೇ ಓದಿದ್ದೆವು. 'ಇದನ್ನು ಬರೆದವರು ಎಣಿಸಿಲ್ಲ' ಎಂದಷ್ಟೇ ಹೇಳಿ ಅವರು ಚಾರ್ಟ್‌ಗಳನ್ನು ಮಡಚಿಟ್ಟರು. ರೋಗಿಯ ಸ್ಥಿತಿ ಹದಗೆಡುವಾಗ, ಎಷ್ಟೋ ಬಾರಿ ಬಿ.ಪಿ. ಕುಸಿಯುವುದಕ್ಕೆ ಗಂಟೆಗಳ ಮೊದಲೇ ಉಸಿರಿನ ವೇಗ ಏರಿರುತ್ತದೆ. ಆ ಹೊತ್ತಿನಲ್ಲಿ ಚಾರ್ಟಿನಲ್ಲಿ ಸುಳ್ಳು 20 ಇದ್ದರೆ ವೈದ್ಯರಿಗೆ ಕರೆ ಹೋಗುವುದೇ ಇಲ್ಲ. ಪ್ರಾಮಾಣಿಕತೆಯ ಬಗ್ಗೆ ನಾನು ಅನೇಕ ಭಾಷಣಗಳನ್ನು ಕೇಳಿದ್ದೇನೆ. ಆ ಚಾರ್ಟ್‌ಗಳು ಕಲಿಸಿದಷ್ಟನ್ನು ಅವು ಕಲಿಸಲಿಲ್ಲ.

ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭದ ದಿನ ನಾವೆಲ್ಲ ಬಿಳಿಯ ಸಮವಸ್ತ್ರದಲ್ಲಿ ಸಾಲಾಗಿ ನಿಂತು ನೈಟಿಂಗೇಲ್ ಪ್ರತಿಜ್ಞೆ ಸ್ವೀಕರಿಸಿದೆವು. ಅದನ್ನು ರಚಿಸಿದವರು ಫ್ಲಾರೆನ್ಸ್ ನೈಟಿಂಗೇಲ್ ಅಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯೊಂದರ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಜೊತೆಗಾರರು ಎಂದು ನಮಗೆ ಹೇಳಿದ್ದೂ ಮೇಡಂ ಅವರೇ. ಅದರಲ್ಲಿ ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುವ ಮಾತಿದೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಅಂಗೀಕರಿಸಿದ ಮೊದಲ ನೀತಿಸಂಹಿತೆಯಲ್ಲೂ ವೈದ್ಯರ ಆದೇಶವನ್ನು ವಿವೇಕದಿಂದ, ನಿಷ್ಠೆಯಿಂದ ಪಾಲಿಸಬೇಕೆಂದಿತ್ತು. 1973ರ ಪರಿಷ್ಕರಣೆಯಲ್ಲಿ ಒತ್ತು ಬದಲಾಯಿತು. ನರ್ಸಿನ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಎಂದು ಬರೆಯಲಾಯಿತು. ನನ್ನ ಪ್ರಕಾರ ನಮ್ಮ ವೃತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಹೆಚ್ಚಿಲ್ಲ.

ಆ ತಿರುವಿನ ಅರ್ಥ ನನಗೆ ಸ್ಪಷ್ಟವಾದದ್ದು ಒಂದು ನೈಟ್ ಡ್ಯೂಟಿಯಲ್ಲಿ. ಕೇಸ್ ಶೀಟಿನಲ್ಲಿ ಔಷಧದ ಪ್ರಮಾಣ ಬರೆದಿತ್ತು. 5ರ ಹಿಂದೆ ಇದ್ದದ್ದು ದಶಮಾಂಶ ಬಿಂದುವೋ ಶಾಯಿಯ ಚುಕ್ಕೆಯೋ ತಿಳಿಯುತ್ತಿರಲಿಲ್ಲ. ಅರ್ಧವೋ ಐದೋ ಎಂಬುದರ ನಡುವೆ ಹತ್ತುಪಟ್ಟು ಅಂತರ. ನನ್ನ ಜೊತೆಯಲ್ಲಿದ್ದ ಹಿರಿಯ ಸಿಸ್ಟರ್ ಊಹೆಗೆ ಹೋಗದೆ ಆ ಅವೇಳೆಯಲ್ಲೇ ವೈದ್ಯರನ್ನು ಎಬ್ಬಿಸಿದರು. ಆ ಕಡೆಯ ದನಿಯಲ್ಲಿದ್ದ ಅಸಹನೆ ನನಗೂ ಕೇಳಿಸುತ್ತಿತ್ತು. ಸಿಸ್ಟರ್ ಶಾಂತವಾಗಿ ಪ್ರಮಾಣವನ್ನು ಕೇಳಿ, ಕೇಳಿದ್ದನ್ನು ತಿರುಗಿ ಓದಿ ಹೇಳಿ ಖಚಿತಪಡಿಸಿಕೊಂಡರು. ವೈದ್ಯರು ಬಂದು ಸೊನ್ನೆಯನ್ನು ಸೇರಿಸಿ 0.5 ಎಂದು ಬಿಡಿಸಿ ಬರೆದು ಸಹಿ ಹಾಕಿದ ಮೇಲೆಯೇ ಸಿರಿಂಜ್ ಕೈಗೆತ್ತಿಕೊಂಡರು. ರೋಗಿ ನಿದ್ರೆಯಲ್ಲಿದ್ದರು, ಅವರಿಗೆ ಇದಾವುದೂ ಗೊತ್ತಿರಲಿಲ್ಲ.

ಮೇಡಂ ಮಾಡಿ ತೋರಿಸಿದ ಸ್ಪಂಜ್ ಬಾತ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಪಾರ್ಶ್ವವಾಯುವಿನಿಂದ ಬಲಗೈ ಬಲಗಾಲು ಬಿದ್ದುಹೋಗಿ, ಮಾತೂ ನಿಂತಿದ್ದ ಹಿರಿಯರೊಬ್ಬರು ವಾರ್ಡಿನಲ್ಲಿದ್ದರು. ಮೇಡಂ ಮೊದಲು ಸುತ್ತಲೂ ಸ್ಕ್ರೀನ್ ಎಳೆದರು. ನೀರಿನ ಬಿಸಿ ನೋಡಿಕೊಂಡು, ಅವರ ಕಣ್ಣಿಗೆ ಕಣ್ಣು ಕೊಟ್ಟು, 'ಈಗ ಮುಖ ಒರೆಸುತ್ತೇನೆ' ಎಂದರು. ಸೋಪು ತಾಕಿಸದ ಬಟ್ಟೆಯಿಂದ ಕಣ್ಣಿನ ಒಳಮೂಲೆಯಿಂದ ಹೊರಮೂಲೆಗೆ ಒರೆಸಿದರು, ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ತುದಿ. ಒರೆಸುವ ಭಾಗವನ್ನಷ್ಟೇ ತೆರೆದು ಉಳಿದ ಮೈಯೆಲ್ಲ ಹೊದಿಕೆಯೊಳಗೇ ಇರುವಂತೆ ನೋಡಿಕೊಂಡರು. ಅಂಗಿ ತೆಗೆಯುವಾಗ ಮೊದಲು ಎಡಗೈ, ಹೊಸದನ್ನು ತೊಡಿಸುವಾಗ ಮೊದಲು ಬಿದ್ದುಹೋದ ಬಲಗೈ. ಹಾಗೆ ಮಾಡಿದರೆ ಸೋತ ಭುಜಕ್ಕೆ ಎಳೆತ ಬೀಳುವುದಿಲ್ಲ. ಈ ನಡುವೆ ಮಂಚದ ಎರಡೂ ಕಡೆ ನಿಂತಿದ್ದ ನಮ್ಮ ತರಗತಿಯ ಇಬ್ಬರು ಪರೀಕ್ಷೆಯ ವಿಷಯ ಮಾತನಾಡತೊಡಗಿದರು. ಮೇಡಂ ಕೈ ನಿಲ್ಲಿಸಿದರು. 'ನಿಮ್ಮ ನಡುವೆ ಇರುವುದು ಮೇಜಲ್ಲ. ಮಾತಾಡುವುದಿದ್ದರೆ ಇವರ ಜೊತೆ ಮಾತಾಡಿ. ಇವರಿಗೆ ಮಾತು ಬರುವುದಿಲ್ಲ ಎಂದರೆ ಅರ್ಥವಾಗುವುದಿಲ್ಲ ಎಂದಲ್ಲ' ಎಂದರು. ಆ ಹಿರಿಯರು ಎಡಗೈಯನ್ನು ಮೆಲ್ಲಗೆ ಎತ್ತಿ ಮೇಡಂ ಅವರ ತೋಳಿನ ಮೇಲಿಟ್ಟರು. ಎಲ್ಲವೂ ಅವರಿಗೆ ಕೇಳಿಸುತ್ತಿತ್ತು.

ಅದಕ್ಕಿಂತ ಕಷ್ಟದ ಪಾಠ ಇನ್ನೊಂದಿತ್ತು. ಕುಡಿದು ವಾಹನ ಓಡಿಸಿ ಗಾಯಗೊಂಡವರು, ವಿಷ ಕುಡಿದವರು, ಪೊಲೀಸ್ ಕಾವಲಿನಲ್ಲಿ ಬಂದವರು ವಾರ್ಡಿಗೆ ಸೇರಿದಾಗ ಅವರ ಬಗ್ಗೆ ಪಿಸುಮಾತು ಶುರುವಾಗುತ್ತದೆ. ಕೆಲವೊಮ್ಮೆ ಮಾತೇ ಇರುವುದಿಲ್ಲ. ಡ್ರೆಸ್ಸಿಂಗ್ ಬಿಚ್ಚುವ ಕೈ ಒರಟಾಗುತ್ತದೆ, ಕರೆಗಂಟೆಗೆ ಹೋಗುವುದು ತಡವಾಗುತ್ತದೆ, ನೋವಿನ ಮಾತ್ರೆ ಕೇಳಿದರೆ ಅನುಮಾನ ಮೂಡುತ್ತದೆ. ನರ್ಸಿಗೂ ಸ್ವಂತ ನಂಬಿಕೆಗಳಿರುತ್ತವೆ, ಇರಲೇಬೇಕು. ಆದರೆ ಅವು ಯಾರಿಗೆ ಎಷ್ಟು ಆರೈಕೆ ಎಂದು ಅಳೆಯುವ ತಕ್ಕಡಿಯಾಗಬಾರದು. ವಿಷ ಕುಡಿದು ಉಳಿದ ಹುಡುಗಿಯ ಹಾಸಿಗೆಯ ಬಳಿ ಮೇಡಂ 'ಯಾಕೆ ಹೀಗೆ ಮಾಡಿಕೊಂಡೆ?' ಎಂದು ಕೇಳಿದ್ದನ್ನು ನಾನು ನೋಡಲಿಲ್ಲ. ಅವಳ ಒಣಗಿದ ತುಟಿ ಒರೆಸಿ, ಜಡೆಯ ಸಿಕ್ಕು ಬಿಡಿಸಿ, 'ಸಂಜೆಯವರೆಗೂ ಇಲ್ಲೇ ಇರುತ್ತೇನೆ' ಎಂದು ಹೇಳಿ, ಹಾಗೆಯೇ ಇದ್ದರು. ಇತರರಿಗೆ ಮಾಡುವ ಆರೈಕೆಯಲ್ಲಿ ಒಂದೆಳೆಯೂ ಕಡಿಮೆಯಾಗಲಿಲ್ಲ.

ಈಗ ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಾಲಯವಿದೆ, ಬೊಂಬೆಗಳ ಮೇಲೆ ಇಂಜೆಕ್ಷನ್, ಕ್ಯಾತಿಟರ್ ಎಲ್ಲವನ್ನೂ ಅಭ್ಯಾಸ ಮಾಡಬಹುದು. ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಬೊಂಬೆಗೆ ನಾಚಿಕೆಯಿಲ್ಲ, ಚಳಿಯಿಲ್ಲ. ನಮ್ಮ ಮೊದಲ ವರ್ಷದಲ್ಲಿ ಮೇಡಂ ನಮ್ಮನ್ನೇ ಸರದಿಯ ಮೇಲೆ ಮಂಚದಲ್ಲಿ ಮಲಗಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು ಮಲಗಿದವರ ಮುಖ ಒರೆಸಬೇಕು, ಚಮಚದಲ್ಲಿ ನೀರು ಕುಡಿಸಬೇಕು, ಮಗ್ಗುಲು ಬದಲಿಸಬೇಕು. ಹೇಳದೆ ಮುಟ್ಟಿದರೆ ಮೈ ಹೇಗೆ ಬೆಚ್ಚುತ್ತದೆ, ನುಂಗುವ ಮೊದಲೇ ಎರಡನೆಯ ಚಮಚ ಬಂದರೆ ಎಷ್ಟು ಗಾಬರಿಯಾಗುತ್ತದೆ ಎಂದು ನಮಗೆ ತಿಳಿದದ್ದು ಅಲ್ಲಿ ಮಲಗಿದಾಗಲೇ. ಆ ಅಭ್ಯಾಸ ಈಚೆಗೆ ನಿಂತಿದೆ ಎಂದು ಕೇಳಿದೆ. ಸಮಯದ ಕೊರತೆ ನನಗೆ ಅರ್ಥವಾಗುತ್ತದೆ. ಆದರೂ ವಾರ್ಡಿಗೆ ಕಳುಹಿಸುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಆ ಮಂಚದ ಮೇಲೆ ಮಲಗುವಂತೆ ಮಾಡಬೇಕೆಂದು ನನ್ನ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಕರೆದರೆ, ರಜೆಯ ದಿನಗಳಲ್ಲಿ ಬಂದು ಅದನ್ನು ನಡೆಸಿಕೊಡಲು ನಾನೂ ನನ್ನ ತರಗತಿಯ ಕೆಲವರೂ ಸಿದ್ಧರಿದ್ದೇವೆ.